ಇಳಿದ ಹನ್ನೊಂದು ಕಿಲೋ

ಜನವರಿ 8, ಸೋಮವಾರ
ಹತ್ತು ಗಂಟೆಗೇ ಎರಡನೇ ಬಾಟಲಿ ನೀರೂ ಖಾಲಿ. ಆರು ಸಲ ಬಾತ್‌ರೂಮ್. ಫ್ಯಾಕ್ಟರಿಯ ಸೂಪರ್‌ವೈಸರ್ ಕಾಳಿಯಪ್ಪನ್ ಗಡಿಯಾರ ನೋಡಿದರು. ಚೆಕಿಂಗ್ ಟೇಬಲ್ಲಿನಲ್ಲಿ ಬನಿಯನ್ ಹೊಲಿಗೆ ಮಂಜಾಗಿ ಕಾಣುತ್ತದೆ. ಎರಡು ತೂತು ಕಣ್ಣಿಗೆ ಬೀಳದೆ ಬಿಟ್ಟುಬಿಟ್ಟೆ.

ಜನವರಿ 17
ಏಪ್ರಿಲ್‌ನಲ್ಲಿ ಮೋಹನ್‌ರಾಜ್ ಜೊತೆ ಮದುವೆ. ಬ್ಲೌಸ್ ಮತ್ತೆ ಸಡಿಲ. ಟೈಲರ್ ಪಾಪಾತಿ ಅಕ್ಕ ಮೂರನೇ ಸಲ ಹೊಲಿದು ಬಿಗಿ ಮಾಡಿದರು. "ಹೆಂಗೆ ಇಳಿಸ್ದೆ ನಿತ್ಯಾ? ನಂಗೂ ಹೇಳು." ಅಮ್ಮನಿಗೆ ಹೆಮ್ಮೆ. ನಾನು ಏನೂ ಮಾಡಿಲ್ಲ. ಎರಡು ಪಟ್ಟು ತಿನ್ನುತ್ತಿದ್ದೇನೆ. ಎರಡು ತಿಂಗಳಲ್ಲಿ ಹನ್ನೊಂದು ಕಿಲೋ...

ಜನವರಿ 25
ವಾಂತಿ. ಹೊಟ್ಟೆನೋವು. ತಿರುಪ್ಪೂರ್ ಬಸ್ಸಿನಲ್ಲಿ ಕೂತಲ್ಲೇ ಏದುಸಿರು. ಪಿತ್ತ ಎಂದಳು ಅಮ್ಮ.

ಜನವರಿ 30, ಕೊಯಮತ್ತೂರು, ವಾರ್ಡ್
ಮೂರು ದಿನ ಐಸಿಯುನಲ್ಲಿದ್ದೆನಂತೆ. ಶುಗರ್ 512. ಟೈಪ್ ಒನ್ ಸಕ್ಕರೆ ಕಾಯಿಲೆ. ದೇಹದ ಕಾವಲು ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಂದಿದೆ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲವಂತೆ. ಸ್ವೀಟ್ ತಿಂದು ಬಂದದ್ದಲ್ಲ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು — ಅಮ್ಮನನ್ನು ನೋಡಿ. ದಾಹ, ಕಣ್ಣಿನ ಮಂಜು, ಇಳಿದ ತೂಕ, ಎಲ್ಲ ಇದರಿಂದಲೇ. ದಿನಕ್ಕೆ ನಾಲ್ಕು ಊಸಿ, ಇನ್ಸುಲಿನ್ ಇಂಜೆಕ್ಷನ್, ಜೀವನಪೂರ್ತಿ. ಸರಿ ಎಂದು ತಲೆಯಾಡಿಸಿದೆ.

ಫೆಬ್ರುವರಿ 6
ಮನೆ.
"ಮಾಪಿಳ್ಳೆ ಮೋಹನ್‌ರಾಜ್ ಮನೇಲಿ ಹೇಳ್ಬೇಡ. ಮೊದ್ಲು ತಾಳಿ ಆಗ್ಲಿ," ಎಂದಳು ಅಮ್ಮ.
"ಊಸಿ ಎಲ್ಲಿ ಬಚ್ಚಿಡ್ಲಿ?"
ಮಧ್ಯಾಹ್ನ ನಾನೇ ಮೋಹನ್‌ರಾಜ್‌ಗೆ ಫೋನ್ ಮಾಡಿ ಹೇಳಿದೆ. "ಅಮ್ಮನ್ನ ಕೇಳಿ ಹೇಳ್ತೀನಿ" ಎಂದರು.

ಫೆಬ್ರುವರಿ 19
ಫೋನ್ ಬರಲಿಲ್ಲ. ಇವತ್ತು ಅವರ ಮಾಮ ಬಂದು ನಿಶ್ಚಯದ ಸೀರೆ ವಾಪಸ್ ಕೇಳಿದರು. ಕೊಟ್ಟೆ. ಕಾಫಿ ಕುಡಿದು ಹೋದರು. ಅಳು ಬರಲಿಲ್ಲ. ಊಟಕ್ಕೆ ಮುಂಚಿನ ಊಸಿಯ ಹೊತ್ತು. ಹಾಕಿಕೊಂಡೆ. ಅಮ್ಮ ನನ್ನೊಡನೆ ಮಾತಾಡುತ್ತಿಲ್ಲ.

ಫೆಬ್ರುವರಿ 27, ಬೆಳಿಗ್ಗೆ 7
ಇವತ್ತಿಂದ ಮತ್ತೆ ಕೆಲಸ. ಊಸಿ ತೆಗೆದಾಗ ಅಮ್ಮ ಬಂದು ಪಕ್ಕದಲ್ಲಿ ಕೂತಳು.
"ನಿಂಗೆ ಮಯಕ್ಕ ಬಂದು ಬಿದ್ರೆ ನಾನೇ ಹಾಕ್ಬೇಕಲ್ಲ. ತೋರ್ಸು."
"ಆಗ ಊಸಿ ಹಾಕ್ಬಾರ್ದಮ್ಮ, ಶುಗರ್ ಇಳಿದಿರ್ತದೆ. ಕೈ ನಡುಗಿ ಬೆವರಿದ್ರೆ ಸಕ್ಕರೆ ನೀರು ಕೊಡು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡ, 108ಕ್ಕೆ ಫೋನ್ ಮಾಡು."
ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಆಮೇಲೆ ನನ್ನ ಹೊಟ್ಟೆಯ ಮೇಲೆ ಊಸಿ ಚುಚ್ಚಿದ ನೀಲಿ ಚುಕ್ಕೆಗಳನ್ನು ನೋಡಿದಳು.
"ನೋಯ್ತದಾ ನನ್ ಸಾಮಿ?"
ಇದುವರೆಗೆ ಯಾರೂ ಕೇಳಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಬಂದದ್ದು, "ಹೂಂ, ನೋಯ್ತದಮ್ಮ."