ಪೇಪರ್ ಮಂಚದ ಮ್ಯಾಲೆ ಓದ್ರಿ

ರೀ,

ದಿನದಂಗ ಏಳರ ಸಿರಿಗೇರಿ ಬಸ್ಸಿಗೆ ಡ್ಯೂಟಿಗೆ ಹೊಂಟೀನಿ. ನೀವು ನೈಟ್ ಶಿಫ್ಟ್ ಮುಗಿಸಿ ಬರೋದ್ರಾಗ ಕುನ್ನಿ ಶೇಂಗಾ ಬಾಗಿಲ ಹಿಂದ ಕುಂಯ್‌ಗುಡ್ತಿರ್ತೈತಿ. ಬೂಟು ಬಿಚ್ಚಬ್ಯಾಡ್ರಿ, ಮದ್ಲು ಅದನ್ನ ಹೊರಗ ಕರ್ಕೊಂಡು ಹೋಗ್ರಿ.

ಪೇಪರ್ ಮಂಚದ ಮ್ಯಾಲೆ ಕುಂತು ಓದ್ರಿ. ನೆಲಕ್ಕ ಹಾಸಿದ ಪೇಪರಿನ ಮ್ಯಾಲೇ ಉಚ್ಚಿ ಹೊಯ್ಯಬೇಕಂತ ಹದಿನೈದು ದಿನದಿಂದ ಆ ಕುನ್ನಿಗೆ ಕಲಿಸಾಕ ಹತ್ತೀನಿ. ನಿನ್ನೆ ನೀವು ನೆಲಕ್ಕ ಹಾಸ್ಕೊಂಡು ಓದಾಕ ಕುಂತ್ರಿ, ಅದು ಕಲಿತದ್ದನ್ನ ಮಾಡ್ತು. ಅದಕ್ಯಾಕ ಬೈದ್ರಿ? ಪಕ್ಕದ ಮನಿ ಸುಗ್ರಾಬಿ ಖಾಲಾ, "ನಿನ್ನ ಗಂಡನ ದನಿ ನಮ್ಮ ಅಡಿಗಿಮನಿ ತನಕ ಬಂದಿತ್ತವ್ವ" ಅಂದ್ರು. ಅವರಿಗಾದ್ರೂ ಕೇಳಿಸ್ತಲ್ಲ. ಫೋನಿನ್ಯಾಗ ಬಿಟ್ರ ನಾ ಕೇಳಿ ಎಂಟು ದಿನ ಆತು.

ಹನ್ನೆರಡಕ್ಕ ಅಲಾರಂ ಇಟ್ಟೀನಿ. ನಿದ್ದಿಗಣ್ಣಾಗ ಆದ್ರೂ ಎದ್ದು, ಒಮ್ಮೆ ಹೊರಗ ಬಿಟ್ಟು ಮಲಕ್ಕೊಳ್ರಿ. ಮೊಸರನ್ನ ಅದಕ್ಕ. ರೊಟ್ಟಿ, ಬದ್ನಿಕಾಯಿ ಪಲ್ಯ ನಿಮಗ. ಅದು ನಿಮ್ಮ ಮಾರಿ ನೋಡ್ತಂತ ನಿಮ್ದೂ ಅದಕ್ಕ ಹಾಕಬ್ಯಾಡ್ರಿ.

ಇನ್ನೊಂದು ಮಾತು. ಸಂಜಿಕ ನೀವು ಶಿಫ್ಟಿಗೆ ಹೋದ ಮ್ಯಾಲೆ ನಾ ಬಂದು ಕರ್ಕೊಂಡು ಹೋದ್ರ, ಚಾದಂಗಡಿ ಮುಂದಿನ ಬೇವಿನ ಗಿಡದ ಬುಡಕ ಕುಂತುಬಿಡ್ತೈತಿ. ಜಗ್ಗಿದ್ರೂ ಏಳಂಗಿಲ್ಲ. ನಿನ್ನೆ ಅಂಗಡಿಯವ ನಕ್ಕ. "ಯರ್ರಿಸ್ವಾಮಿ ಅಣ್ಣ ಚಾ ಕುಡಿಯೋ ತನಕ ದಿನಾ ಮುಂಜಾನಿ ಅಲ್ಲೇ ಕುಂದ್ರತೈತ್ರಿ ಅಕ್ಕಾ, ಕಪ್ಪು ಇಟ್ರನಾ ಏಳೋದು" ಅಂದ.

ನಾನೂ ಒಂದು ಚಾ ಹೇಳಿದೆ. ನೀವು ನಿಲ್ಲೋ ಜಾಗ ಯಾವುದಂತ ಕೇಳಿ, ಅಲ್ಲೇ ನಿಂತು ಕುಡಿದೆ. ಕಪ್ಪು ಕೆಳಗಿಟ್ಟ ಕೂಡ್ಲೆ ಶೇಂಗಾ ಎದ್ದು ಮನಿ ಕಡಿ ಹೊಂಟ್ತು.

ನಾ ಇನ್ನೊಂದು ಚಾ ಹೇಳಿದೆ.

ಅನಿತಾ