ಹನ್ನೆರಡನೆಯ ಪ್ಲೇಟು

ಮೇಷ್ಟ್ರೇ,

ಶಿರಸಾಷ್ಟಾಂಗ ನಮಸ್ಕಾರ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನೀವು ಹೋಗಿ ಮೂರು ತಿಂಗಳಾಯಿತು. ನಿಮ್ಮ ವೈಕುಂಠ ಸಮಾರಾಧನೆಯ ದಿನ ಸಾಂತಾಕ್ರೂಜಿನ ನಿಮ್ಮ ಮನೆಯಲ್ಲಿ ಕೂತು ಪಾಯಸ ಉಂಡೆ. ಆಗಲೂ ನಿಮ್ಮ ಮೇಲಿನ ಸಿಟ್ಟು ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ, ಆದರೆ ಈಗ ನಿಮಗೆ ಹೇಳಲು ನನ್ನ ಹತ್ತಿರ ಒಂದು ಸುದ್ದಿಯಿದೆ.

ಮರಳುಗಾಡಿಗೆ ನನ್ನನ್ನು ಕಳಿಸಿದ ದಿನ ನೆನಪಿದೆಯೇ? ಯಾವುದೋ ಸಿಮೆಂಟ್ ಕಂಪನಿಯ ಕ್ಯಾಲೆಂಡರಿಗೆ ಜೋಧಪುರದಾಚೆಯ ಬಂಡೆಗಳ ಚಿತ್ರ ಬೇಕಿತ್ತು. ನಿಮಗೆ ಉಬ್ಬಸ ಜೋರಾಗಿತ್ತು. ಫೋರ್ಟಿನ ಸ್ಟುಡಿಯೋದಲ್ಲಿ, ಒಂದಕ್ಕೆ ಒಂದೇ ಚಿತ್ರ ಹಿಡಿಯುವ ಹನ್ನೆರಡು ಗಾಜಿನ ಪ್ಲೇಟುಗಳನ್ನೂ ಒಂದು ಚೀಟಿಯನ್ನೂ ನನ್ನ ಕೈಗಿಟ್ಟಿರಿ. ‘ಬಂಡೆಗಳನ್ನು ಮುಂಜಾನೆ ತೆಗೆಯುವುದು. ನಡುಹಗಲು ಬೇಡವೇ ಬೇಡ.’ ಎರಡು ವರ್ಷ ಪ್ರಿಂಟು ತೊಳೆದವನಿಗೆ ಮೊದಲ ಸಲ ಕ್ಯಾಮೆರಾ ಸಿಕ್ಕಿತ್ತು. ಆ ಚೀಟಿಯನ್ನು ರೈಲಿನಲ್ಲಿ ಎಷ್ಟು ಸಲ ಓದಿದೆನೋ. ನೀವು ಮೈಸೂರಿನವರು, ನಾನು ವಿಜಾಪುರದವನು. ನಿಮಗೆ ಮುಂಜಾನೆ ಎಂದರೆ ಸೂರ್ಯ ಹುಟ್ಟುವ ಗಳಿಗೆ. ನಮ್ಮ ಕಡೆ ಅದಕ್ಕೆ ನಸುಕು ಎನ್ನುತ್ತಾರೆ. ನಮ್ಮ ಮುಂಜಾನೆ ಚಹಾ ಕುಡಿದ ಮೇಲೆ ಶುರುವಾಗಿ ಹತ್ತು ಗಂಟೆಯವರೆಗೂ ಇರುತ್ತದೆ. ಎರಡು ವರ್ಷದ ಹಿಂದೆ ನಮ್ಮ ವಿಜಾಪುರವೂ ನಿಮ್ಮ ಮೈಸೂರು ರಾಜ್ಯಕ್ಕೇ ಸೇರಿತು, ಆದರೆ ಎರಡೂ ಕಡೆಯ ಮುಂಜಾನೆ ಇನ್ನೂ ಒಂದಾಗಿಲ್ಲ. ನಸುಕಿನಲ್ಲಿ ಎಂದು ಬರೆದಿದ್ದರೆ...

ಆ ಬಂಡೆಗಳೆದುರು ಮೂರು ದಿನ ಒಂಬತ್ತು ಗಂಟೆಯ ಬಿಸಿಲಲ್ಲಿ ನಿಂತೆ. ತಲೆಗೆ ಅಪ್ಪನ ರುಮಾಲು ಸುತ್ತಿಕೊಂಡಿದ್ದೆ. ಬಂಡೆಯ ಬಣ್ಣವೂ ಮರಳಿನ ಬಣ್ಣವೂ ಒಂದೇ. ಎಲ್ಲಿ ಮರಳು ಮುಗಿದು ಎಲ್ಲಿ ಬಂಡೆ ಶುರುವಾಯಿತೆಂದೇ ತಿಳಿಯುತ್ತಿರಲಿಲ್ಲ. ಏನೋ ತಪ್ಪುತ್ತಿದೆ ಎನ್ನಿಸಿದರೂ ಗುರುಗಳ ಮಾತು ಮೀರಲಿಲ್ಲ. ಹನ್ನೊಂದು ಪ್ಲೇಟು ಮುಗಿದವು. ಕೊನೆಯ ದಿನ ಸಂಜೆ, ಗಂಟುಮೂಟೆ ಕಟ್ಟುವಾಗ ತಿರುಗಿ ನೋಡಿದೆ. ದೊಡ್ಡ ಬಂಡೆಯ ಮುಖ ಪಡುವಣಕ್ಕಿತ್ತು. ಇಳಿಬಿಸಿಲು ಓರೆಯಾಗಿ ಬಿದ್ದು, ಅದರ ಒಂದೊಂದು ಪದರವೂ ಹೋಳಿಗೆಯ ಪದರದ ಹಾಗೆ ಬಿಚ್ಚಿಕೊಂಡಿತ್ತು. ಉಳಿದ ಒಂದೇ ಒಂದು ಪ್ಲೇಟನ್ನು ಕ್ಯಾಮೆರಾಕ್ಕೆ ಹಾಕಿದೆ. ಆ ಬಂಡೆಗೆ ನಿಮ್ಮ ಮುಂಜಾನೆಯೂ ಒಗ್ಗುತ್ತಿರಲಿಲ್ಲ ಮೇಷ್ಟ್ರೇ. ಆ ಹೊತ್ತಿಗೆ ಬಿಸಿಲು ಅದರ ಬೆನ್ನಿಗೆ ಬೀಳುತ್ತದೆ, ಮುಖವೆಲ್ಲ ಕತ್ತಲೆ. ಹೋಗಿ ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಪ್ಲೇಟುಗಳನ್ನು ನೀವೇ ಡೆವಲಪ್ ಮಾಡಿ ಮೇಜಿನ ಮೇಲೆ ಹರಡಿದ್ದು, ಗಿರಾಕಿಗಳ ಎದುರಲ್ಲೇ ನನ್ನನ್ನು ಕರೆದದ್ದು ಕಣ್ಣಿಗೆ ಕಟ್ಟಿದಂತಿದೆ. “ಸೂರ್ಯ ಏನು ನಿಮ್ಮನೆ ಆಳೇನಯ್ಯ, ನೀನು ಚಾ ಕುಡಿದು ಬರೋ ತನಕ ಕಾಯ್ಕೊಂಡಿರೋಕೆ?” ಎಲ್ಲರೂ ನಕ್ಕರು. ಮುಂಜಾನೆಯ ಅರ್ಥ ವಿವರಿಸಲು ಹೋದೆ, ಇನ್ನೂ ನಕ್ಕರು. ಮೇಜಿನ ಮೇಲೆ ಹನ್ನೊಂದೇ ಇದ್ದವು. ಹನ್ನೆರಡನೆಯದು ಎಲ್ಲಿ ಎಂದು ಕೇಳಿದಾಗ, ಬೆಳಕು ಹೊಕ್ಕು ಹಾಳಾಯಿತು, ಎಸೆದೆ ಎಂದಿರಿ. ನಾನೇ ಹೋಗಿ ಬರುತ್ತೇನೆ ಎಂದು ಎಂಟು ದಿನ ಕಾಣೆಯಾದಿರಿ.

ಕ್ಯಾಲೆಂಡರು ಬಂದ ದಿನ ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ನಾನೇ. ಅದೇ ಬಂಡೆ, ಅದೇ ಪದರ. ಆದರೆ ನಾನು ಆ ನೋಟ ಕಂಡದ್ದು ಕ್ಯಾಮೆರಾದ ಗಾಜಿನ ಮೇಲೆ ತಲೆಕೆಳಗಾಗಿ, ಅದೂ ಒಂದು ಗಳಿಗೆ. ಒಂದು ಬಂಡೆಯನ್ನು ಇಬ್ಬರು ತೆಗೆಯಬಾರದೇ? ಗುರುವನ್ನು ಕಳ್ಳ ಎನ್ನಲು ನಾಲಿಗೆ ಹೊರಳಲಿಲ್ಲ. ಅಲ್ಲಿಂದ ಏಳು ವರ್ಷ ಕತ್ತಲೆಕೋಣೆಯಲ್ಲಿ ನಿಮ್ಮ ಪ್ರಿಂಟುಗಳನ್ನು ತೊಳೆದೆ. ಕ್ಯಾಮೆರಾ ಮುಟ್ಟಗೊಡಲಿಲ್ಲ ನೀವು. ನನ್ನ ಹೆಸರು ‘ಮುಂಜಾನೆ ಶಿವಪ್ಪ’ ಎಂದಾಯಿತು, ಕೆಳಗಿನ ಉಡುಪಿ ಹೋಟೆಲಿನ ಮಾಣಿಯೂ ಹಾಗೆಯೇ ಕೂಗುತ್ತಿದ್ದ. ನೀವು ಮಾತ್ರ ಸಭೆ ಸಭೆಗಳಲ್ಲಿ ಆ ಚಿತ್ರ ಹಿಡಿದು, ನಾಲ್ಕಕ್ಕೆ ಎದ್ದೆ, ಚಳಿಯಲ್ಲಿ ಕಾದೆ, ಮೊದಲ ಕಿರಣಕ್ಕೆ ತೆಗೆದೆ ಎಂದು ಭಾಷಣ ಮಾಡಿದಿರಿ. ನಾಚಿಕೆಯಾಗುತ್ತಿರಲಿಲ್ಲವೇ? ಒಮ್ಮೆಯಾದರೂ?

ಹೋದ ತಿಂಗಳು ನಿಮ್ಮ ಮನೆಯ ಅಮ್ಮಾವರು ಕರೆಸಿದರು. ನಿಮ್ಮ ನೆನಪಿಗೆ ಮಾಟುಂಗಾದಲ್ಲಿ ಒಂದು ಪ್ರದರ್ಶನ ಮಾಡಬೇಕು, ಪ್ಲೇಟು ಆರಿಸಿ ಪ್ರಿಂಟು ಮಾಡಿಕೊಡು ಎಂದರು. ನಿಮ್ಮ ಬೀರುವಿನ ತಳದಲ್ಲಿ, ಕರಿ ಕಾಗದ ಸುತ್ತಿ ಇಟ್ಟಿದ್ದಿರಿ ಆ ಪ್ಲೇಟನ್ನು. ಕಿಟಕಿಯ ಬೆಳಕಿಗೆ ಹಿಡಿದೆ. ಕ್ಯಾಲೆಂಡರಿನ ಚಿತ್ರವೇ. ಆದರೆ ನೀವು ಪ್ರಿಂಟಿನಲ್ಲಿ ಕತ್ತರಿಸಿದ್ದ ಬಲಮೂಲೆ ಪ್ಲೇಟಿನಲ್ಲಿ ಹಾಗೆಯೇ ಇತ್ತು. ಅಲ್ಲಿ ಮರಳಿನ ಮೇಲೆ ಮೂರು ಕಾಲಿನ ಸ್ಟ್ಯಾಂಡಿನ ಉದ್ದನೆಯ ನೆರಳು, ಪಕ್ಕದಲ್ಲಿ ರುಮಾಲು ಸುತ್ತಿದ ಒಂದು ತಲೆಯ ನೆರಳು. ನೀವು ಹುಟ್ಟಿದಂದಿನಿಂದ ತಲೆಗೆ ಬಟ್ಟೆ ಸುತ್ತಿದವರಲ್ಲ. ಆ ಪ್ಲೇಟನ್ನು ಒಡೆದುಹಾಕಲು ನಿಮಗೂ ಮನಸ್ಸಾಗಲಿಲ್ಲ, ಅಲ್ಲವೇ? ಬೊರಿವಲಿಯ ಲೋಕಲ್ಲಿನಲ್ಲಿ ಅದನ್ನು ಎದೆಗವಚಿಕೊಂಡು ಬಂದೆ. ನಿಮ್ಮ ಮಾನ ಕಳೆಯಲು ಒಂದು ವಾರ ಯೋಚಿಸಿದೆ, ಸುಳ್ಳೇಕೆ ಹೇಳಲಿ, ಆ ವಾರ ಸುಖವಾಗಿತ್ತು. ಮೂಲೆ ಕತ್ತರಿಸದೆ, ಪೂರ್ತಿ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಮಾಡಿದೆ. ನಿಮ್ಮ ಭಾವಚಿತ್ರದ ಪಕ್ಕದಲ್ಲೇ ತೂಗುಹಾಕಿ, ಕೆಳಗೆ ನಿಮ್ಮ ಹೆಸರು ಬರೆದ ಕಾಗದದ ಪಟ್ಟಿ ಅಂಟಿಸಿದೆ. ಎಲ್ಲರೂ ಸೇರಿದ ಮೇಲೆ ನಾನೇ ಎದ್ದು ನಿಂತು ಹೇಳುವುದೆಂದು ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮೊನ್ನೆ ಭಾನುವಾರ ಹಾಲ್ ತುಂಬಿತ್ತು. ನಿಮ್ಮ ಭಾಷಣ ಕೇಳಿದವರೆಲ್ಲ ಬಂದಿದ್ದರು, ಅಂದು ಮೇಜಿನ ಸುತ್ತ ನಕ್ಕವರೂ ಇದ್ದರು. ಅಮ್ಮಾವರು ನಿಮ್ಮ ಭಾವಚಿತ್ರಕ್ಕೆ ಹಾರ ಹಾಕಿ, ಪಕ್ಕಕ್ಕೆ ತಿರುಗಿ, ಆ ಚಿತ್ರದ ಮುಂದೆ ನಿಂತುಬಿಟ್ಟರು. ಕನ್ನಡಕ ಏರಿಸಿ ಮೂಲೆಯನ್ನು ನೋಡಿದರು.

“ಶಿವಪ್ಪ, ಈ ರುಮಾಲಿನ ನೆರಳು ನಿನ್ನದಲ್ವೇ?”

ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. “ಹೌದ್ರೀ ಅಮ್ಮಾವ್ರ, ನಂದ ಐತ್ರಿ,” ಎಂದೆ, ಅಷ್ಟೇ.

ಅವರು ಜನರ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಇವರು ಮರಳುಗಾಡಿಗೆ ಹೋಗಲೇ ಇಲ್ಲ. ಆ ಎಂಟು ದಿನ ನನ್ನ ಜೊತೆ ಮೈಸೂರಲ್ಲಿದ್ರು. ಯಾರಿಗೂ ಹೇಳಬೇಡ ಅಂದಿದ್ರು, ನಾನೂ ಹೇಳಲಿಲ್ಲ. ಯಾರ ಅನ್ನ ಕಿತ್ಕೊಂಡಿದ್ರು ಅನ್ನೋದು ನನಗೆ ಗೊತ್ತಿರಲಿಲ್ಲ.”

ಯಾರೂ ನಗಲಿಲ್ಲ ಮೇಷ್ಟ್ರೇ. ನಾನು ಎದ್ದು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು, ಉಂಡ ಮನೆಗೆ ಎರಡು ಬಗೆದ ಎನ್ನುತ್ತಿದ್ದರು. ನೀವು ಸತ್ತೂ ಗೆಲ್ಲುತ್ತಿದ್ದಿರಿ. ಅದಕ್ಕೇ ಈ ಸುದ್ದಿ ನಿಮಗೆ ಮುಟ್ಟಲೇಬೇಕು. ನಿಮ್ಮ ಹೆಸರಿನ ಪಟ್ಟಿಗೆ ನಾನು ಕೈ ಹಚ್ಚಲಿಲ್ಲ. ಅಷ್ಟು ಜನರೆದುರು ಉಗುರಿನಿಂದ ಕೆರೆದು ಕೆರೆದು ಅದನ್ನು ಕಿತ್ತವರು ನಿಮ್ಮ ಹೆಂಡತಿ.

— ಶಿವಪ್ಪ