ಪೂರ್ವ ದಿಕ್ಕಿನ ಬಾಲ್ಕನಿ

ಶಾಗ್ಯದ ಭಾವನವರಿಗೆ ನಡುಸಮುದ್ರದಿಂದ ನಮಸ್ಕಾರ.

ನೀವು ಹೇಳಿದಂತೆ ಹಡಗಿನಲ್ಲಿ ಹಠ ಹಿಡಿದು ಪೂರ್ವಕ್ಕಿರುವ ಬಾಲ್ಕನಿ ರೂಮನ್ನೇ ತಕೊಂಡೆ. ಮೊದಲ ದಿನ ಪರದೆ ಸರಿಸಿದೊಡನೆ ಸೂರ್ಯಮಹಾರಾಜರ ಪ್ರವೇಶವಾಯಿತು. ಇವತ್ತು ಸರಿಸಿದರೆ ಆಸಾಮಿಯೇ ಇಲ್ಲ. ಮನೆ ಬಾಗಿಲಿನಂತೆ ಹಡಗೂ ಒಂದೇ ದಿಕ್ಕಿಗೆ ನಿಂತಿರುತ್ತದೆ ಅಂದುಕೊಂಡಿದ್ದೆವಲ್ಲ ನಾವಿಬ್ಬರೂ, ಅದು ತಿರುಗಿಬಿಟ್ಟಿದೆ.

ಸೂರ್ಯನಿಗೆ ಕೈಮುಗಿಯದೆ ನಿಮ್ಮ ತಂಗಿ ತಿಂಡಿ ಮುಟ್ಟುವವಳಲ್ಲ. ಸಕ್ಕರೆ ಕಾಯಿಲೆ ಬೇರೆ, ತಿಂಡಿ ತಡವಾಗುವಂತಿಲ್ಲ. ನಾನು ದಿಕ್ಕಿನ ಲೆಕ್ಕ ಹೇಳುತ್ತ ಕೂತೆ. "ನಿಮ್ಮ ಮಾತು ಸಾಕು ಬುಡಿ, ನಾನೇ ನೋಡ್ಕತೀನಿ" ಅಂತ ವಿಭೂತಿ ಹಚ್ಚಿಕೊಂಡು ಎದುರು ರೂಮಿನ ಬಾಗಿಲು ತಟ್ಟಿದಳು. ಅಲ್ಲಿದ್ದ ಈರೋಡಿನ ದಂಪತಿಯ ಬಾಲ್ಕನಿಗೇ ಇವತ್ತು ಬಿಸಿಲು; ಅಲ್ಲೇ ಪೂಜೆ, ಇಡ್ಲಿ, ತಮಿಳಿನಲ್ಲಿ ಹರಟೆ ಎಲ್ಲ ಮುಗಿಸಿ ಬಂದಳು. ಈಗ ಆರಾಮಾಗಿದ್ದಾಳೆ.

ನಮ್ಮ ಬಾಲ್ಕನಿಯಲ್ಲಿ ನನ್ನ ಪಂಚೆ ಒಣಗುತ್ತಿದೆ.

ನಿಮ್ಮ
ಪುಟ್ಟಮಾದಪ್ಪ